ಹಳೆಯ ಕೀಲಿಮಣೆಗೆ ಬದಲಿ ಕೀಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಂಪ್ಯೂಟರ್‌ಗಳನ್ನು ಜೋಪಾನ ಮಾಡುವವರ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಎಲ್ಲಕ್ಕೂ ತಳಹದಿಯಾದ ತಿಳಿವಳಿಕೆ ಮಾತ್ರ ಒಂದೇ: ಕೀಲಿಯ ನಿಜವಾದ ಗುರುತು ಅದರ ಬೆನ್ನ ಮೇಲಿನ ಅಕ್ಷರಕ್ಕಿಂತ ಹೆಚ್ಚಾಗಿ ಹೊಟ್ಟೆಯ ಕಡೆಗಿರುವ ಕಾಲಿನಲ್ಲಿದೆ.

## ಮೊದಲಿಗೆ ತಿಳಿದಿರಬೇಕಾದದ್ದು

ಒಂದೇ ಒಂದು ಕೀಲಿ ಕಳೆದುಹೋಗಿದೆ. ಅದೊಂದನ್ನೇ ಕೊಳ್ಳಬಹುದೇ, ಇಡೀ ಕೀಲಿಮಣೆಯನ್ನೇ ಬದಲಿಸಬೇಕೇ?

ಬಹಳಷ್ಟು ಸಂದರ್ಭಗಳಲ್ಲಿ ಒಂದು ಕೀಲಿಯನ್ನಷ್ಟೇ ಕೊಳ್ಳಬಹುದು, ಆದರೆ ಅದು ಎಷ್ಟು ಸುಲಭ ಎಂಬುದು ಯಾವ ಕೀಲಿ ಕಳೆದಿದೆ ಎಂಬುದರ ಮೇಲೆ ನಿಂತಿದೆ. ಚೌಕಾಕಾರದ ಅಕ್ಷರದ ಕೀಲಿಗಳು ಒಂದೊಂದು ಕೀಲಿಮಣೆಯಲ್ಲೂ ಹತ್ತಾರು ಇರುವುದರಿಂದ ಬಿಡಿಯಾಗಿ ಸಿಗುವ ಸಾಧ್ಯತೆ ಹೆಚ್ಚು. ಸ್ಪೇಸ್ ಬಾರ್, ಎಂಟರ್ ಮತ್ತು ಆಯಾ ಯಂತ್ರಕ್ಕೇ ವಿಶಿಷ್ಟವಾದ ಚಿಹ್ನೆಯ ಕೀಲಿಗಳು ಮಣೆಗೊಂದೋ ಎರಡೋ ಮಾತ್ರ ಇರುವುದರಿಂದ, ಎಲ್ಲರೂ ಅವುಗಳನ್ನೇ ಹುಡುಕುತ್ತಿರುತ್ತಾರೆ. ಅಂಥವುಗಳಿಗೆ ಕೆಟ್ಟು ಮೂಲೆ ಸೇರಿದ ಇನ್ನೊಂದು ಮಣೆಯನ್ನು ಕೊಂಡು ಅದರಿಂದ ತೆಗೆದುಕೊಳ್ಳುವುದೇ ಹೆಚ್ಚಾಗಿ ಉಳಿಯುವ ದಾರಿ.

ಕೀಲಿ, ಕೀಕ್ಯಾಪ್, ಸ್ಟೆಮ್, ಸ್ವಿಚ್ ಅಂತೆಲ್ಲ ಹೇಳುತ್ತಾರೆ. ಎಲ್ಲವೂ ಒಂದೇ ಅಲ್ಲವೇ?

ಮಾತಿನಲ್ಲಿ ಎಲ್ಲವನ್ನೂ ಕೀಲಿ ಎಂದೇ ಕರೆಯುತ್ತೇವೆ, ಆದರೆ ಕೊಳ್ಳುವಾಗ ಈ ವ್ಯತ್ಯಾಸ ತಿಳಿಯದಿದ್ದರೆ ಹಣ ವ್ಯರ್ಥವಾಗುತ್ತದೆ. ಬೆರಳಿಗೆ ತಾಗುವ, ಅಕ್ಷರವಿರುವ ಪ್ಲಾಸ್ಟಿಕ್ ಮುಚ್ಚಳವೇ ಕೀಕ್ಯಾಪ್. ಅದರ ಕೆಳಗೆ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಭಾಗ ಸ್ವಿಚ್. ಸ್ವಿಚ್ಚಿನೊಳಗೆ ಮೇಲೆ ಕೆಳಗೆ ಜಾರುವ, ಕೀಕ್ಯಾಪನ್ನು ಹಿಡಿದುಕೊಳ್ಳುವ ತುಂಡನ್ನು ಸ್ಟೆಮ್ ಅಥವಾ ಸ್ಲೈಡರ್ ಎನ್ನುತ್ತಾರೆ. ಕೀಕ್ಯಾಪಿನ ಅಡಿಯಲ್ಲಿ ಇದಕ್ಕೆ ಹೊಂದುವ ಕಾಲೋ ಕುಳಿಯೋ ಇರುತ್ತದೆ. ಈ ಪುಟದಲ್ಲಿ ಅದನ್ನು ಸರಳವಾಗಿ ‘ಕಾಲು’ ಎಂದು ಕರೆದಿದ್ದೇನೆ.

ಕೀಲಿ ಅದರ ಜಾಗದಲ್ಲೇ ಇದೆ, ಒತ್ತಿದರೆ ಅಕ್ಷರ ಮೂಡುವುದಿಲ್ಲ. ಬೇರೆ ಕೀಲಿ ಹಾಕಿದರೆ ಸರಿಹೋಗುತ್ತದೆಯೇ?

ಕೀಕ್ಯಾಪ್ ಒಡೆದಿಲ್ಲವಾದರೆ ಅದನ್ನು ಬದಲಿಸಿ ಪ್ರಯೋಜನವಿಲ್ಲ, ದೋಷ ಕೆಳಗಿದೆ. ಕೀ ಟ್ರಾನಿಕ್ ಸಂಸ್ಥೆ ತಯಾರಿಸಿದ ಅನೇಕ ಹಳೆಯ ಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೂ ಸ್ಪಂಜಿನ ಬಿಲ್ಲೆ ಮತ್ತು ಲೋಹದ ಲೇಪವಿರುವ ತೆಳುಹಾಳೆ ಇರುತ್ತವೆ. ವರ್ಷಗಳು ಕಳೆದಂತೆ ಆ ಸ್ಪಂಜು ಪುಡಿಯಾಗಿ, ಒಂದೊಂದಾಗಿ ಕೀಲಿಗಳು ಮೂಕವಾಗುತ್ತವೆ. ಇಂಥ ಮಣೆಗೆ ಬೇಕಾದದ್ದು ಹೊಸ ಸ್ಪಂಜಿನ ಬಿಲ್ಲೆಗಳು. ಕೀಕ್ಯಾಪನ್ನು ತೆಗೆದು, ಕೆಳಗಿನ ಸ್ಲೈಡರನ್ನೇ ಬೆರಳಿನಿಂದ ಒತ್ತಿ ನೋಡಿದರೆ ದೋಷ ಎಲ್ಲಿದೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ನನ್ನ ಕೀಲಿಮಣೆ ಯಾವುದು ಅಂತಲೇ ಗೊತ್ತಿಲ್ಲ. ಎಲ್ಲಿಂದ ಶುರುಮಾಡಲಿ?

ಮಣೆಯನ್ನು ಬೋರಲು ಹಾಕಿ, ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿ. ಐಬಿಎಂ ಮಣೆಯಾದರೆ 1391401 ಎಂಬಂಥ ಏಳಂಕಿಯ ಸಂಖ್ಯೆ, ಆಪಲ್ ಮಣೆಯಾದರೆ ಎಂ0115 ಅಥವಾ ಎಂ3501 ಎಂಬಂಥ ಗುರುತು ಅಲ್ಲಿರುತ್ತದೆ. ಆಮೇಲೆ ಚೆನ್ನಾಗಿರುವ ಒಂದು ಅಕ್ಷರದ ಕೀಲಿಯನ್ನು ಜೋಪಾನವಾಗಿ ಎಳೆದು ತೆಗೆದು, ಅದರ ಅಡಿಭಾಗದ ಮತ್ತು ಅದು ಕೂರುತ್ತಿದ್ದ ಸ್ವಿಚ್ಚಿನ ಚಿತ್ರಗಳನ್ನು ಅಳತೆಪಟ್ಟಿಯ ಜೊತೆಗಿಟ್ಟು ತೆಗೆಯಿರಿ. ಮಾದರಿ ಸಂಖ್ಯೆ, ಅಡಿಭಾಗದ ಚಿತ್ರ, ಕಳೆದ ಕೀಲಿ ಎಷ್ಟನೆಯ ಸಾಲಿನದು, ಅದರ ಅಗಲವೆಷ್ಟು: ಈ ನಾಲ್ಕು ವಿವರ ಕೈಯಲ್ಲಿದ್ದರೆ ಮುಂದಿನ ಹುಡುಕಾಟ ಅರ್ಧ ಮುಗಿದಂತೆ. ಹೊರಕವಚದ ಮೇಲಿನ ಕಂಪನಿಯ ಹೆಸರನ್ನು ಮಾತ್ರ ನಂಬಿ ಹೊರಡಬೇಡಿ, ಒಂದೇ ಹೆಸರಿನ ಮಣೆಗಳನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಸ್ವಿಚ್ ಹಾಕಿ ಮಾಡಿಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ.

## ಯಾವುದಕ್ಕೆ ಯಾವುದು ಹೊಂದುತ್ತದೆ

ಸ್ವಿಚ್ಚಿನ ಮೇಲೆ ಕೂಡಿಸುವ ಚಿಹ್ನೆಯ ಥರ ಅಡ್ಡಗುರುತಿದೆ. ಹಾಗಿದ್ದರೆ ಈಗಿನ ಯಾವ ಕೀಕ್ಯಾಪ್ ಆದರೂ ಕೂರುತ್ತದಂತೆ, ನಿಜವೇ?

ಅದು ಚೆರ್ರಿ ಎಂಬ ಕಂಪನಿಯ ಎಂಎಕ್ಸ್ ಸ್ವಿಚ್ಚಿನ ಬಗೆಯ ಜೋಡಣೆಯಾಗಿದ್ದರೆ ಬಹುಮಟ್ಟಿಗೆ ನಿಜ, ಮತ್ತು ನೀವು ಅದೃಷ್ಟವಂತರು. 1980ರ ದಶಕದಲ್ಲಿ ಬಂದ ಆ ಅಡ್ಡಗುರುತಿನ ಜೋಡಣೆ ಇಂದಿಗೂ ಬಳಕೆಯಲ್ಲಿದೆ, ಹಾಗಾಗಿ ಹೊಸ ಕೀಕ್ಯಾಪ್‌ಗಳು ಧಾರಾಳವಾಗಿ ಸಿಗುತ್ತವೆ. ಚೆರ್ರಿಯ ಜಿ81 ಸರಣಿಯಲ್ಲಿ ಎಂವೈ ಎಂಬ ಬೇರೆಯೇ ಸ್ವಿಚ್ ಇದ್ದರೂ ಕೀಕ್ಯಾಪಿನ ಜೋಡಣೆ ಎಂಎಕ್ಸ್‌ನದ್ದೇ ಆಗಿರುವುದರಿಂದ, ಕೆಟ್ಟುಹೋದ ಜಿ81 ಮಣೆಗಳು ಒಳ್ಳೆಯ ಕೀಕ್ಯಾಪ್ ಗಣಿಗಳು.

ಎರಡು ಎಚ್ಚರಿಕೆಗಳಿವೆ. ಅಡ್ಡಗುರುತು ಕಂಡದ್ದೆಲ್ಲ ಎಂಎಕ್ಸ್ ಅಲ್ಲ. ಎಂಎಕ್ಸ್ ಅಡ್ಡಗುರುತು ಹೆಚ್ಚುಕಡಿಮೆ 4 ಮಿ.ಮೀ. ಅಗಲವಿರುತ್ತದೆ, ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದೋ ಚಿಕ್ಕದೋ ಆಗಿದ್ದರೆ ಅದು ಬೇರೆ ಕುಲದ್ದು. ಇನ್ನೊಂದು, ಅಕ್ಷರದ ಕೀಲಿಗಳು ಕೂತರೂ ಕೆಳಗಿನ ಸಾಲು ಕೂರದೇ ಹೋಗಬಹುದು. ಕೀಲಿಗಳ ಅಗಲವನ್ನು ‘ಯೂನಿಟ್’ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಯೂನಿಟ್ ಎಂದರೆ ಎರಡು ಅಕ್ಷರದ ಕೀಲಿಗಳ ನಡುಬಿಂದುಗಳ ನಡುವಿನ 19.05 ಮಿ.ಮೀ. ದೂರ. ಈಗಿನ ಸಾಮಾನ್ಯ ಸ್ಪೇಸ್ ಬಾರ್ 6.25 ಯೂನಿಟ್ ಅಗಲವಿದ್ದರೆ, ವಿಂಡೋಸ್ ಕೀಲಿ ಬರುವುದಕ್ಕಿಂತ ಹಿಂದಿನ 101 ಕೀಲಿಗಳ ಮಣೆಗಳಲ್ಲಿ 7 ಯೂನಿಟ್ಟಿನ ಸ್ಪೇಸ್ ಬಾರ್ ಸಾಮಾನ್ಯವಾಗಿತ್ತು.

ಕೀಲಿಯ ಅಡಿಯಲ್ಲಿ ಚಪ್ಪಟೆಯ ಆಯತಾಕಾರದ ನಾಲಗೆಯಿದೆ. ಇದನ್ನೇ ಆಲ್ಪ್ಸ್ ಅನ್ನುವುದಾ?

ಹೆಚ್ಚಾಗಿ ಹೌದು. ನಾಲಗೆ ಸುಮಾರು 4.5 ಮಿ.ಮೀ. ಉದ್ದ, 2.2 ಮಿ.ಮೀ. ಅಗಲವಿದ್ದು ಸ್ವಿಚ್ಚಿನ ಸ್ಲೈಡರಿನಲ್ಲಿರುವ ಸೀಳಿಗೆ ಇಳಿಯುವಂತಿದ್ದರೆ ಅದು ಆಲ್ಪ್ಸ್ ಎಂಬ ಸಂಸ್ಥೆಯ ಸ್ವಿಚ್ಚಿಗೆ ಅಥವಾ ಅದರ ಅನುಕರಣೆಗೆ ಹೊಂದುವಂಥದ್ದು. 1987ರ ಆಪಲ್ ಎಕ್ಸ್‌ಟೆಂಡೆಡ್ ಕೀಬೋರ್ಡ್, 1990ರಲ್ಲಿ ಬಂದ ಅದರ ಎರಡನೆಯ ಆವೃತ್ತಿ, ಡೆಲ್ ಎಟಿ101 ಸರಣಿ, ಇವೆಲ್ಲ ಈ ಕುಲಕ್ಕೆ ಸೇರಿದವು. ಕೀಕ್ಯಾಪಿನಲ್ಲೇ ನಾಲಗೆಯಿರುವುದರಿಂದ ಅದು ಮುರಿದರೆ ತುಂಡು ಸ್ಲೈಡರಿನೊಳಗೇ ಸಿಕ್ಕಿಕೊಳ್ಳುತ್ತದೆ. ಹೊಸ ಕೀಕ್ಯಾಪ್ ತರುವ ಮೊದಲು ಅದನ್ನು ತೆಗೆಯಬೇಕು. ಆಲ್ಪ್ಸ್‌ಗೆ ಹೊಂದುವ ಹೊಸ ಕೀಕ್ಯಾಪ್‌ಗಳು ಎಂಎಕ್ಸ್‌ಗೆ ಹೋಲಿಸಿದರೆ ಬಹಳ ವಿರಳ. ಒಂದು ಮಣೆಯ ಆಲ್ಪ್ಸ್ ಕೀಕ್ಯಾಪ್ ಇನ್ನೊಂದರ ಮೇಲೆ ಕೂತರೂ, ಸ್ಪೇಸ್ ಬಾರ್ ಮತ್ತು ಶಿಫ್ಟ್‌ಗಳ ಆಧಾರದ ಕೊಕ್ಕೆಗಳು ಬೇರೆಡೆ ಇರಬಹುದು ಎಂಬುದನ್ನು ಮರೆಯಬೇಡಿ.

ಐಬಿಎಂ ಮಾಡೆಲ್ ಎಂ ಇದೆ. ಇದಕ್ಕೆ ಈಗಲೂ ಕೀಲಿ ಸಿಗುತ್ತದೆ ಅನ್ನುತ್ತಾರೆ, ಹೇಗೆ?

ಹಳೆಯ ಮಣೆಗಳ ಪೈಕಿ ಇದು ಅತ್ಯಂತ ಸುಖದ ಪ್ರಕರಣ. 1985ರ ಸುಮಾರಿಗೆ ಬಂದ ಮಾಡೆಲ್ ಎಂ ಮಣೆಯ ತಯಾರಿಕೆ 1991ರಲ್ಲಿ ಐಬಿಎಂನಿಂದ ಲೆಕ್ಸ್‌ಮಾರ್ಕ್‌ಗೆ, 1996ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ಯೂನಿಕಾಂಪ್ ಎಂಬ ಸಂಸ್ಥೆಗೆ ಬಂದಿತು. ಯೂನಿಕಾಂಪ್ ಅದೇ ಕುಲದ ಮಣೆಗಳನ್ನು ಮಾಡುತ್ತಲೇ ಬಂದಿದೆ, ಬಿಡಿ ಕೀಲಿಗಳನ್ನೂ ಮಾರುತ್ತದೆ. ಅಕ್ಷರಗಳ ಅಚ್ಚಿನಲ್ಲಿ, ಬಣ್ಣದ ಛಾಯೆಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಸಣ್ಣ ಅಂತರ ಕಾಣಬಹುದು, ಕಣ್ಣು ಸೂಕ್ಷ್ಮವಾಗಿರುವವರು ಹಳೆಯ ಮಣೆಯ ಕೀಲಿಯನ್ನೇ ಹುಡುಕಿಕೊಳ್ಳುವುದು ಒಳ್ಳೆಯದು.

ಮಾಡೆಲ್ ಎಂ ಕೀಲಿಗಳಲ್ಲಿ ಎರಡು ಬಗೆಯಿವೆ. ಅನೇಕ ಮಣೆಗಳಲ್ಲಿ ಅಕ್ಷರವಿರುವ ತೆಳು ಮುಚ್ಚಳ ಬೇರೆ, ಅದರ ಕೆಳಗೆ ಕೊಳವೆಯೊಳಗೆ ಇಳಿಯುವ ಕಾಲು ಬೇರೆ, ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಇನ್ನು ಕೆಲವು ಮಣೆಗಳಲ್ಲಿ ಎರಡೂ ಸೇರಿ ಒಂದೇ ತುಂಡು. ನಿಮ್ಮ ಮಣೆಯಲ್ಲಿ ಅಕ್ಷರ ಕಾಣೆಯಾಗಿ ಬೋಳು ಚೌಕವೊಂದು ಉಳಿದಿದ್ದರೆ ಕಳೆದಿರುವುದು ಮುಚ್ಚಳ ಮಾತ್ರ. ಸ್ಪ್ರಿಂಗ್ ಕಾಣುವಂತೆ ಕೊಳವೆ ಬಾಯ್ತೆರೆದಿದ್ದರೆ ಎರಡೂ ಬೇಕು. 1981ರ ಮೂಲ ಐಬಿಎಂ ಪಿಸಿಯ 83 ಕೀಲಿಗಳ ಮಾಡೆಲ್ ಎಫ್, 1984ರ ಪಿಸಿ ಎಟಿಯ 84 ಕೀಲಿಗಳ ಮಾಡೆಲ್ ಎಫ್, ಇವುಗಳ ಅಕ್ಷರದ ಕೀಲಿಗಳೂ ಇದೇ ರೀತಿ ಸ್ಪ್ರಿಂಗಿನ ಮೇಲೆ ಕೂರುವಂಥವು. ಆದರೆ ಮಾಡೆಲ್ ಎಫ್‌ನ ಸ್ಪೇಸ್ ಬಾರ್ ಮಾಡೆಲ್ ಎಂಗೆ ಹೊಂದುತ್ತದೆ ಎಂದುಕೊಂಡು ಕೊಳ್ಳಬೇಡಿ.

ಕಮೋಡೋರ್ 64ರ ಕೀಲಿಯನ್ನು ಇನ್ನೊಂದು ಕಮೋಡೋರ್ 64ರಿಂದಲೇ ತೆಗೆದೆ. ಆದರೂ ಕೂರುತ್ತಿಲ್ಲ, ಯಾಕೆ?

1982ರಿಂದ ಹಲವು ವರ್ಷ ಲಕ್ಷಗಟ್ಟಲೆ ತಯಾರಾದ ಈ ಯಂತ್ರಕ್ಕೆ ಕೀಲಿಮಣೆ ಒದಗಿಸಿದವರು ಒಬ್ಬರೇ ಅಲ್ಲ, ಅವರವರ ಮಣೆಯಲ್ಲಿ ಸ್ಲೈಡರಿನ ಆಕಾರ ಬೇರೆ ಬೇರೆ. ಹೊರಗಿನಿಂದ ಎರಡೂ ಕಂದು ಬಣ್ಣದ ಒಂದೇ ಥರದ ಕೀಲಿಗಳು, ತಿರುವಿ ನೋಡಿದರೆ ಮಾತ್ರ ಬೇರೆ ಮನೆತನ. ಸ್ವತಃ ನಾನೇ ಒಮ್ಮೆ ಚಿತ್ರದಲ್ಲಿ ಮೇಲ್ಭಾಗವನ್ನಷ್ಟೇ ನೋಡಿ ಒಂದು ಮಣೆಗಾಗುವಷ್ಟು ಕೀಲಿಗಳನ್ನು ತರಿಸಿ, ಒಂದನ್ನೂ ಹಾಕಲಾಗದೆ ಡಬ್ಬಿಯಲ್ಲಿಟ್ಟಿದ್ದೇನೆ. ಕೆಳಗಿನ ಸ್ಪ್ರಿಂಗುಗಳೂ ಎರಡರಲ್ಲಿ ಒಂದೇ ಉದ್ದ, ಒಂದೇ ಬಿಗಿ ಇರುತ್ತವೆಂದು ಹೇಳಲಾಗದು, ಹಾಗಾಗಿ ಕೀಲಿಯ ಜೊತೆ ಸ್ಪ್ರಿಂಗ್ ಕೂಡ ಕಳೆದಿದ್ದರೆ ಎರಡನ್ನೂ ಒಂದೇ ಮಣೆಯಿಂದ ತೆಗೆದುಕೊಳ್ಳಿ. ಚಿತ್ರಚಿಹ್ನೆಗಳು ಹೆಚ್ಚಿನ ಯಂತ್ರಗಳಲ್ಲಿ ಕೀಲಿಯ ಮುಂಬದಿಯಲ್ಲಿ, ಆಮೇಲಿನ ಕೆಲವು ತಿಳಿಬಣ್ಣದ 64ಸಿ ಮಣೆಗಳಲ್ಲಿ ಮೇಲ್ಮೈಯಲ್ಲೇ ಅಚ್ಚಾಗಿವೆ. ಬೆರಸಿದರೆ ಎದ್ದು ಕಾಣುತ್ತದೆ.

ಸ್ಪೆಕ್ಟ್ರಮ್‌ನ ಒಂದು ರಬ್ಬರ್ ಕೀಲಿ ಹರಿದಿದೆ. ಅದನ್ನು ಮಾತ್ರ ಬದಲಿಸಬಹುದೇ?

ಆಗದು. 1982ರ ಝೆಡ್‌ಎಕ್ಸ್ ಸ್ಪೆಕ್ಟ್ರಮ್‌ನ 40 ಕೀಲಿಗಳೂ ಒಂದೇ ರಬ್ಬರ್ ಹಾಳೆಯಲ್ಲಿ ಮೂಡಿದ ಉಬ್ಬುಗಳು, ಮೇಲಿನ ಲೋಹದ ತಗಡಿನ ಕಿಂಡಿಗಳಿಂದ ಅವು ಹೊರಗೆ ಕಾಣುತ್ತವೆ. ಹಾಳೆಯನ್ನೇ ಬದಲಿಸಬೇಕು, ಹೊಸದಾಗಿ ತಯಾರಾದ ಹಾಳೆಗಳು ಸಿಗುತ್ತವೆ. ತಗಡನ್ನು ಅಂಟಿನಿಂದ ಬಿಡಿಸುವಾಗ ಅದು ಬಾಗದಂತೆ ನಿಧಾನವಾಗಿ ಕೆಲಸ ಮಾಡಿ, ಮತ್ತು ಹೇಗೂ ತೆರೆದಾಗಿರುವುದರಿಂದ ಕೆಳಗಿನ ಮೆಂಬ್ರೇನನ್ನೂ (ಒತ್ತಿದ್ದನ್ನು ಸಂಕೇತವಾಗಿಸುವ ತೆಳುಹಾಳೆ) ಹೊಸದು ಹಾಕಿಬಿಡಿ, ಅದರ ಪಟ್ಟಿಯಂಥ ಬಾಲ ಹಳೆಯದಾದಂತೆ ಪೆಡಸಾಗಿ ಬಿರಿಯುತ್ತದೆ.

ಕಾಲು ಹೊಂದುತ್ತದೆ, ಅಗಲವೂ ಅದೇ. ಆದರೂ ಹೊಸ ಕೀಲಿ ಪಕ್ಕದವಕ್ಕಿಂತ ಎತ್ತರವಾಗಿ, ಸೊಟ್ಟಗೆ ಕಾಣುತ್ತದೆ. ಏನು ತಪ್ಪಾಯಿತು?

ಬೇರೆ ಸಾಲಿನ ಕೀಲಿಯನ್ನು ಹಾಕಿದ್ದೀರಿ. ಹಳೆಯ ಮಣೆಗಳಲ್ಲಿ ಹೆಚ್ಚಿನವುಗಳ ಮೇಲ್ಮೈ ಪಕ್ಕದಿಂದ ನೋಡಿದರೆ ಬಟ್ಟಲಿನಂತೆ ಒಳಬಾಗಿರುತ್ತದೆ. ಆ ಬಾಗು ಬರಲೆಂದು ಒಂದೊಂದು ಸಾಲಿನ ಕೀಲಿಗೂ ಬೇರೆ ಎತ್ತರ, ಬೇರೆ ಓರೆ ಕೊಟ್ಟಿರುತ್ತಾರೆ. ಭಾಷೆಯಿಂದ ಭಾಷೆಗೆ ಅಕ್ಷರಗಳ ಸ್ಥಾನ ಬದಲಾಗುವುದರಿಂದ ಇದು ತೊಡಕಾಗುತ್ತದೆ: ಫ್ರೆಂಚ್ ವಿನ್ಯಾಸದ ಮಣೆಯ ‘ಎ’ ಕೀಲಿ ಇಂಗ್ಲಿಷ್ ಮಣೆಯ ‘ಕ್ಯೂ’ ಇರುವ ಸಾಲಿನದು, ಆದ್ದರಿಂದ ಅದನ್ನು ತಂದು ಇಂಗ್ಲಿಷ್ ಮಣೆಯ ‘ಎ’ ಜಾಗದಲ್ಲಿಟ್ಟರೆ ಹಲ್ಲು ಮುಂದೆ ಬಂದಂತೆ ಕಾಣುತ್ತದೆ. ಮಾಡೆಲ್ ಎಂ ಈ ಮಾತಿಗೆ ಒಂದು ಸುಖಕರ ಅಪವಾದ, ಅದರ ಒಳತಟ್ಟೆಯೇ ಬಾಗಿರುವುದರಿಂದ ಅಕ್ಷರದ ಕೀಲಿಗಳೆಲ್ಲ ಒಂದೇ ಆಕಾರದವು. ಬೆರಳಿಗೆ ಗುರುತು ಸಿಗಲೆಂದು ಇಡುವ ಉಬ್ಬನ್ನೂ ಗಮನಿಸಿ. ಈಗ ಅದು ‘ಎಫ್’ ಮತ್ತು ‘ಜೆ’ ಮೇಲಿರುತ್ತದೆ, ಹಳೆಯ ಆಪಲ್ ಮಣೆಗಳಲ್ಲಿ ‘ಡಿ’ ಮತ್ತು ‘ಕೆ’ ಮೇಲಿರುತ್ತಿತ್ತು.

## ಹುಡುಕಾಟ

ಎಲ್ಲಿ ಹುಡುಕಲಿ? ಕೀಲಿಯ ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿಲ್ಲ.

ಮಾರುವವರು ಕೀಲಿಯ ಹೆಸರನ್ನು ಬರೆಯುವುದಿಲ್ಲ, ಮಣೆಯ ಮಾದರಿ ಸಂಖ್ಯೆಯನ್ನು ಬರೆಯುತ್ತಾರೆ. ಅದೂ ಗೊತ್ತಿಲ್ಲದವರು ‘ಹಳೆಯ ಕೀಬೋರ್ಡ್, ಪರೀಕ್ಷಿಸಿಲ್ಲ’ ಎಂದಷ್ಟೇ ಬರೆಯುತ್ತಾರೆ, ಒಳ್ಳೆಯ ಫಸಲು ಸಿಗುವುದು ಇಂಥ ಕಡೆಯಲ್ಲೇ. ಆದ್ದರಿಂದ ಮಾದರಿ ಸಂಖ್ಯೆಯ ಜೊತೆ ‘ಬಿಡಿಭಾಗಕ್ಕಾಗಿ’, ‘ಕೆಲಸ ಮಾಡುವುದಿಲ್ಲ’ ಎಂಬ ಪದಗಳನ್ನು ಸೇರಿಸಿ ಹುಡುಕಿ. ಅದೇ ಕುಲದ, ಆದರೆ ಯಾರಿಗೂ ಬೇಡವಾದ ಮಣೆಗಳ ಕಡೆ ಕಣ್ಣಿಡಿ: ದೊಡ್ಡ ಗಣಕಗಳ ಟರ್ಮಿನಲ್‌ಗಳಿಗೆಂದು ಮಾಡಿದ 122 ಕೀಲಿಗಳ ಐಬಿಎಂ ಮಣೆ ನೇರವಾಗಿ ಪಿಸಿಗೆ ಜೋಡಿಸಲು ಬಾರದ ಕಾರಣ ಹಲವರು ಬೇಡವೆನ್ನುತ್ತಾರೆ, ಅದರ ಅಕ್ಷರದ ಕೀಲಿಗಳು ನಿಮ್ಮ ಮಾಡೆಲ್ ಎಂಗೆ ಸಾಕು. ಹಳೆಯ ಕಂಪ್ಯೂಟರ್ ದುರಸ್ತಿ ಮಾಡುವವರ ಬಳಿ, ಗುಜರಿಯಲ್ಲಿ, ಸಂಗ್ರಾಹಕರ ಮಿಗುಕೀಲಿಗಳ ಡಬ್ಬಿಗಳಲ್ಲಿ ಕೇಳುವುದಕ್ಕೆ ಸಂಕೋಚ ಬೇಡ. ಒಂದೆರಡು ಕೀಲಿಗಳನ್ನು ಅಂಚೆ ವೆಚ್ಚಕ್ಕಷ್ಟೇ ಕೊಟ್ಟುಬಿಡುವ ಪುಣ್ಯಾತ್ಮರು ಈ ಹವ್ಯಾಸದಲ್ಲಿ ಕಡಿಮೆಯೇನಿಲ್ಲ.

ಮಾರುವವರನ್ನು ಏನೇನು ಕೇಳಬೇಕು?

ಕೀಲಿಯ ಅಡಿಭಾಗದ ಚಿತ್ರವನ್ನು ಕೇಳಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಕಾಲಿನ ಸುತ್ತ ಕೂದಲೆಳೆಯ ಬಿರುಕುಗಳಿವೆಯೇ, ದೊಡ್ಡ ಕೀಲಿಯಾದರೆ ತಂತಿಯನ್ನು ಹಿಡಿಯುವ ಕೊಕ್ಕೆಗಳು ಉಳಿದಿವೆಯೇ, ತಂತಿಯೂ ಜೊತೆಗೆ ಬರುತ್ತದೆಯೇ ಎಂಬುದನ್ನು ವಿಚಾರಿಸಿ. ಬಣ್ಣದ ವಿಷಯದಲ್ಲಿ ಚಿತ್ರವನ್ನು ನಂಬುವಂತಿಲ್ಲ. ಬಿಳಿಯ ಹಾಳೆಯ ಮೇಲಿಟ್ಟು ಹಗಲಿನ ಬೆಳಕಿನಲ್ಲಿ ತೆಗೆದುಕೊಡಲು ಕೋರಿದರೆ ಸ್ವಲ್ಪ ಅಂದಾಜು ಸಿಗುತ್ತದೆ.

ಒಂದು ಕೀಲಿಗಾಗಿ ಚೆನ್ನಾಗಿರುವ ಇನ್ನೊಂದು ಮಣೆಯನ್ನು ಬಿಚ್ಚಿಹಾಕುವುದು ಸರಿಯೇ?

ನನ್ನ ಮಟ್ಟಿಗೆ ಇಲ್ಲ. ಕೆಲಸ ಮಾಡುವ ಮಣೆಯೊಂದರಿಂದ ಸ್ಪೇಸ್ ಬಾರ್ ಕಿತ್ತರೆ ಜಗತ್ತಿನಲ್ಲಿ ಅಪೂರ್ಣ ಮಣೆಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಅದು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ಮುಖ್ಯಫಲಕ ಸುಟ್ಟದ್ದು, ಕವಚ ಒಡೆದದ್ದು, ದ್ರವ ಚೆಲ್ಲಿ ತುಕ್ಕು ಹಿಡಿದದ್ದು, ಆಗಲೇ ಹತ್ತು ಕೀಲಿ ಕಳೆದುಕೊಂಡದ್ದು, ಇಂಥವನ್ನು ಆರಿಸಿಕೊಳ್ಳಿ. ಬಿಚ್ಚಿದ ಮೇಲೆ ಉಳಿದ ಕೀಲಿಗಳನ್ನು ಸಾಲುವಾರು ಪೊಟ್ಟಣ ಕಟ್ಟಿ, ಮಾದರಿ ಸಂಖ್ಯೆ ಬರೆದಿಟ್ಟರೆ ಮುಂದೆ ಇನ್ನೊಬ್ಬರಿಗಾಗುತ್ತದೆ.

## ತೆಗೆಯುವುದು, ಕೂರಿಸುವುದು, ಸರಿಮಾಡುವುದು

ಕೀಲಿಯನ್ನು ಮುರಿಯದೆ ಹೇಗೆ ತೆಗೆಯಲಿ? ಸ್ಕ್ರೂಡ್ರೈವರ್ ಹಾಕಿ ಮೀಟಬಹುದೇ?

ಮೀಟಬೇಡಿ. ಮೀಟಿದಾಗ ಬಲ ಓರೆಯಾಗಿ ಬೀಳುತ್ತದೆ, ಹಳೆಯ ಪ್ಲಾಸ್ಟಿಕ್ ಆ ಓರೆ ಬಲವನ್ನು ತಾಳುವುದಿಲ್ಲ. ಆಲ್ಪ್ಸ್ ಮಣೆಯಲ್ಲಂತೂ ಕೀಲಿಯ ಜೊತೆ ಸ್ಲೈಡರೂ ಹಾಳಾಗಬಹುದು. ತಂತಿಯ ಎರಡು ಕುಣಿಕೆಗಳಿರುವ ಕೀಕ್ಯಾಪ್ ಪುಲ್ಲರ್ ಬಳಸಿ, ಕುಣಿಕೆಗಳನ್ನು ಎದುರುಬದುರು ಮೂಲೆಗಳ ಕೆಳಗೆ ಸೇರಿಸಿ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ಉಂಗುರದ ಆಕಾರದ ಅಗ್ಗದ ಪ್ಲಾಸ್ಟಿಕ್ ಪುಲ್ಲರ್‌ಗಳು ಕೀಲಿಯ ಪಕ್ಕಗಳನ್ನು ಗೀರುತ್ತವೆ. ತೆಗೆಯುವ ಮೊದಲು ಇಡೀ ಮಣೆಯ ಒಂದು ಚಿತ್ರ ತೆಗೆದಿಡುವುದು ಒಳ್ಳೆಯ ಅಭ್ಯಾಸ, ಚಿಹ್ನೆಯ ಕೀಲಿಗಳ ಜಾಗ ನೆನಪಿರುತ್ತದೆಂಬ ಭರವಸೆ ಹೆಚ್ಚಿನಂಶ ಸುಳ್ಳಾಗುತ್ತದೆ.

ಮಾಡೆಲ್ ಎಂಗೆ ಹೊಸ ಕೀಲಿ ಹಾಕಿದೆ. ಒತ್ತಿದರೆ ‘ಕ್ಲಿಕ್’ ಶಬ್ದವೇ ಬರುತ್ತಿಲ್ಲ, ಯಾಕೆ?

ಸ್ಪ್ರಿಂಗಿನ ತುದಿ ಕೀಲಿಯೊಳಗಿನ ಮೊಳಕೆಗೆ ಸಿಕ್ಕಿಲ್ಲ. ಈ ಮಣೆಯಲ್ಲಿ ಸ್ಪ್ರಿಂಗ್ ಬಳುಕಿದಾಗಲೇ ಶಬ್ದವೂ ಅಕ್ಷರವೂ ಹುಟ್ಟುವುದು, ಅದು ಓರೆಯಾಗಿ ಕೂತರೆ ಎರಡೂ ಇಲ್ಲ. ಕೀಲಿಯನ್ನು ತೆಗೆದು, ಸ್ಪೇಸ್ ಬಾರ್ ಮೇಲ್ಗಡೆಗೆ ಬರುವಂತೆ ಮಣೆಯನ್ನು ನೆಟ್ಟಗೆ ನಿಲ್ಲಿಸಿ, ಸ್ಪ್ರಿಂಗ್ ಕೊಳವೆಯ ನಡುವಿಗೆ ಬಂದಿರುವುದನ್ನು ನೋಡಿಕೊಂಡು ಕೀಲಿಯನ್ನು ನೇರವಾಗಿ ಒತ್ತಿ ಕೂರಿಸಿ. ಎರಡು ಮೂರು ಬಾರಿ ಪ್ರಯತ್ನಿಸಬೇಕಾಗಬಹುದು. ದೊಡ್ಡ ಕೀಲಿಗಳಾದರೆ ಎರಡನೆಯ ಕಾಲು ಇಳಿಯುವ ಕೊಳವೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಒಳತುಂಡೊಂದು ಇರುತ್ತದೆ. ಕೀಲಿ ತೆಗೆಯುವಾಗ ಅದೂ ಅಂಟಿಕೊಂಡು ಬಂದು ಎಲ್ಲೋ ಬಿದ್ದುಹೋದರೆ ಕೀಲಿ ಓಲಾಡುತ್ತದೆ.

ಸ್ಪೇಸ್ ಬಾರ್ ಮಾತ್ರ ಯಾಕೆ ಇಷ್ಟು ತೊಂದರೆ ಕೊಡುತ್ತದೆ?

ಅದು ಉದ್ದವಾಗಿರುವುದರಿಂದ ತುದಿಯಲ್ಲಿ ಒತ್ತಿದರೂ ಸಮವಾಗಿ ಇಳಿಯಲೆಂದು ಅಡಿಯಲ್ಲಿ ಒಂದು ಲೋಹದ ತಂತಿ ಇರುತ್ತದೆ. ಆ ತಂತಿಯ ಉದ್ದ, ಕೊಕ್ಕೆಗಳ ಜಾಗ, ಕಾಲುಗಳ ಸಂಖ್ಯೆ ಮೂರೂ ಹೊಂದಬೇಕು. ಅಗಲ ಅಳೆದು ಕೊಂಡ ಸ್ಪೇಸ್ ಬಾರ್ ಕೂರದೇ ಹೋಗುವುದು ಇದರಿಂದಲೇ. ಇನ್ನೊಂದು ಸಮಸ್ಯೆ ಬಣ್ಣದ್ದು: ಆಪಲ್ ಎಕ್ಸ್‌ಟೆಂಡೆಡ್ ಮಣೆಯಲ್ಲಿ ಉಳಿದ ಕೀಲಿಗಳು ಪಿಬಿಟಿ ಎಂಬ ಪ್ಲಾಸ್ಟಿಕ್‌ನವು, ಸ್ಪೇಸ್ ಬಾರ್ ಮಾತ್ರ ಎಬಿಎಸ್. ಹಾಗಾಗಿ ಎಲ್ಲವೂ ಬೂದುಬಿಳಿಯಾಗಿರುವಾಗ ಅದೊಂದು ಮಾತ್ರ ಹಳದಿಗಟ್ಟಿ ನಿಂತಿರುತ್ತದೆ. ಅದು ದೋಷವಲ್ಲ, ಆ ಮಣೆಗಳ ವಯಸ್ಸಿನ ಸಹಜ ಗುರುತು.

ಕಾಲು ಮುರಿದಿದೆ, ತುಂಡು ಇದೆ. ಅಂಟಿಸಬಹುದೇ?

ಯಾವ ಪ್ಲಾಸ್ಟಿಕ್ ಎಂದು ತಿಳಿದ ಮೇಲೆ ಅಂಟು ಆರಿಸಿ. ಸುಲಭದ ಪರೀಕ್ಷೆಯೊಂದಿದೆ: 100 ಮಿ.ಲೀ. ನೀರಿಗೆ ಸುಮಾರು 20 ಗ್ರಾಂ ಉಪ್ಪು ಕರಗಿಸಿ ಕೀಲಿಯನ್ನು ಹಾಕಿ, ಅಡಿಯಲ್ಲಿ ಸಿಕ್ಕ ಗಾಳಿಗುಳ್ಳೆಗಳನ್ನು ಬೆರಳಿನಿಂದ ಬಿಡಿಸಿ. ಎಬಿಎಸ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 1.05 ಗ್ರಾಂ ಆಸುಪಾಸು, ಆದ್ದರಿಂದ ಅದು ತೇಲುತ್ತದೆ, ಪಿಬಿಟಿಯದು 1.31ರ ಸುಮಾರು, ಅದು ಮುಳುಗುತ್ತದೆ. ಎಬಿಎಸ್ ಆದರೆ ಅಸಿಟೋನ್ ಅದನ್ನು ಕರಗಿಸುತ್ತದೆ, ಬೇಡವಾದ ಎಬಿಎಸ್ ಚೂರನ್ನು ಅಸಿಟೋನ್‌ನಲ್ಲಿ ಕರಗಿಸಿದ ಗಟ್ಟಿ ಸರಿಯಿಂದ ಮುರಿದ ಮೈಗಳನ್ನು ಬೆಸೆಯಬಹುದು. ಒಂದು ದಿನವಾದರೂ ಒಣಗಲು ಬಿಡಿ, ಮೇಲ್ಮೈಗೆ ಒಂದು ಹನಿಯೂ ತಾಗದಿರಲಿ, ತಾಗಿದ ಕಡೆ ಹೊಳಪು ಕಲೆ ಶಾಶ್ವತ. ಪಿಬಿಟಿ ಅಸಿಟೋನ್‌ಗೆ ಜಗ್ಗುವುದಿಲ್ಲ, ಅದಕ್ಕೆ ಮೈಯನ್ನು ಉಜ್ಜಿ ಒರಟು ಮಾಡಿ ಎಪಾಕ್ಸಿ ಹಚ್ಚಬೇಕು, ಆ ಬೆಸುಗೆ ಎಬಿಎಸ್‌ನಷ್ಟು ಗಟ್ಟಿಯಾಗದು. ಅಂಟಿಸಿದ ಕೀಲಿಯನ್ನು ಕಡಿಮೆ ಬಳಸುವ ಜಾಗಕ್ಕೆ ಹಾಕಿ, ಅಲ್ಲಿಯ ಕೀಲಿಯನ್ನು ಬಳಕೆಯ ಜಾಗಕ್ಕೆ ತರಬಹುದು, ಸಾಲು ಒಂದೇ ಆಗಿದ್ದರೆ ಮಾತ್ರ.

ಬದಲಿ ಕೀಲಿ ಬೆಳ್ಳಗಿದೆ, ಮಣೆ ಹಳದಿಯಾಗಿದೆ. ಏನು ಮಾಡಲಿ?

ಹೊಸದನ್ನು ಹಳದಿ ಮಾಡುವುದಕ್ಕಿಂತ ಹಳೆಯದನ್ನು ತಿಳಿಗೊಳಿಸುವುದು ವಾಸಿ, ಎರಡೂ ಬೇಡವೆನಿಸಿದರೆ ಬಿಟ್ಟುಬಿಡುವುದು ಇನ್ನೂ ವಾಸಿ. ಎಬಿಎಸ್‌ನಲ್ಲಿರುವ ಬ್ಯುಟಾಡೈಯೀನ್ ಅಂಶ ಬೆಳಕು ಮತ್ತು ಗಾಳಿಗೆ ಒಡ್ಡಿಕೊಂಡು ಉತ್ಕರ್ಷಣಗೊಂಡಾಗ ಹಳದಿ ಬಣ್ಣ ಬರುತ್ತದೆ. 2008ರಿಂದ ರೆಟ್ರೋಬ್ರೈಟ್ ಎಂಬ ಹೆಸರಿನಲ್ಲಿ ಹರಡಿದ ವಿಧಾನದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ಅಥವಾ ಲೇಪದಲ್ಲಿ ಕೀಲಿಗಳನ್ನಿಟ್ಟು ಅತಿನೇರಳೆ ಬೆಳಕಿಗೆ ಒಡ್ಡುತ್ತಾರೆ. ಕೈಗವಸು, ಕಣ್ಣಿನ ರಕ್ಷಣೆ ಕಡ್ಡಾಯ. ಲೇಪ ಅಲ್ಲಲ್ಲಿ ಒಣಗಿದರೆ ಗೆರೆಗೆರೆಯಾಗಿ ಬಿಳಚಿಕೊಳ್ಳುತ್ತದೆ, ಮೇಲೆ ಮುದ್ರಿಸಿದ ಅಕ್ಷರಗಳು ಅಳಿಸಲೂಬಹುದು, ಮತ್ತು ತಿಳಿಯಾದದ್ದು ಕೆಲವು ವರ್ಷಗಳಲ್ಲಿ ಮತ್ತೆ ಹಳದಿಯಾಗುವುದುಂಟು. ಒಂದೇ ಕೀಲಿಗೆ ಈ ಕೆಲಸ ಮಾಡಬೇಡಿ, ಒಂದು ಬಣ್ಣದ ಕೀಲಿಗಳೆಲ್ಲವನ್ನೂ ಒಟ್ಟಿಗೆ ಇಡಿ.

## ಸಿಗದೇ ಹೋದಾಗ ಮಾಡಿಕೊಳ್ಳುವುದು

ಮೂರು ಆಯಾಮದ ಮುದ್ರಣದಲ್ಲಿ ಕೀಲಿ ಮಾಡಿಸಿಕೊಳ್ಳಬಹುದಲ್ಲ, ಇಷ್ಟೆಲ್ಲ ಹುಡುಕುವುದೇಕೆ?

ಮಾಡಿಸಬಹುದು, ಆದರೆ ಮೊದಲ ಪ್ರಯತ್ನದಲ್ಲೇ ಕೂರುವ ಕೀಲಿಯನ್ನು ನಾನು ಇನ್ನೂ ಕಂಡಿಲ್ಲ. ಕಷ್ಟವಿರುವುದು ಕಾಲಿನಲ್ಲಿ: 0.1 ಮಿ.ಮೀ. ಹೆಚ್ಚಾದರೆ ಸ್ವಿಚ್ಚು ಸೀಳುತ್ತದೆ, ಅಷ್ಟೇ ಕಡಿಮೆಯಾದರೆ ಕೀಲಿ ಉದುರುತ್ತದೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಹಾಕುವ ಯಂತ್ರದಲ್ಲಿ ಕಾಲನ್ನು ನೆಟ್ಟಗೆ ನಿಲ್ಲಿಸಿ ಮುದ್ರಿಸಿದರೆ ಅದು ಪದರಗಳ ನಡುವೆಯೇ ಕಡಿದುಹೋಗುತ್ತದೆ, ಸ್ವಲ್ಪ ಓರೆಯಾಗಿಟ್ಟರೆ ಬಾಳಿಕೆ ಬರುತ್ತದೆ. ದ್ರವ ರಾಳವನ್ನು ಬೆಳಕಿನಿಂದ ಗಟ್ಟಿಮಾಡುವ ಯಂತ್ರ ನಯವಾದ ಮೈ ಕೊಡುತ್ತದೆ, ಆದರೆ ಸಾಮಾನ್ಯ ರಾಳ ಪೆಡಸು, ಗಟ್ಟಿತನಕ್ಕೆಂದೇ ಮಾಡಿದ ರಾಳ ಬೇಕು. ಇಡೀ ಕೀಲಿಯನ್ನು ಮುದ್ರಿಸುವ ಮೊದಲು ಬರೀ ಕಾಲನ್ನು 0.05 ಮಿ.ಮೀ. ಅಂತರದಲ್ಲಿ ಐದಾರು ಅಳತೆಗಳಲ್ಲಿ ಮುದ್ರಿಸಿ, ಕೆಟ್ಟ ಸ್ವಿಚ್ಚೊಂದರ ಮೇಲೆ ಕೂರಿಸಿ ನೋಡಿ.

ಅಚ್ಚು ತೆಗೆದು ಎರಕ ಹೊಯ್ಯುವುದು ಇದಕ್ಕಿಂತ ಒಳ್ಳೆಯದೇ?

ನಕಲು ಮಾಡಲು ಅದೇ ಆಕಾರದ ಇನ್ನೊಂದು ಕೀಲಿ ನಿಮ್ಮಲ್ಲಿದ್ದರೆ ಒಳ್ಳೆಯದು, ಮೇಲ್ಮೈಯ ತರಿತರಿಯೂ ಹಾಗೆಯೇ ಬರುತ್ತದೆ. ಸಿಲಿಕೋನಿನಲ್ಲಿ ಎರಡು ಭಾಗದ ಅಚ್ಚು ಮಾಡಿ, ಬಣ್ಣ ಬೆರೆಸಿದ ಪಾಲಿಯುರೆಥೇನ್ ರಾಳ ಹೊಯ್ಯುವುದು ವಾಡಿಕೆ. ಮೊದಲ ಭಾಗದ ಮೇಲೆ ಎರಡನೆಯದನ್ನು ಹೊಯ್ಯುವ ಮುಂಚೆ ಬಿಡುಗಡೆ ಲೇಪ ಹಚ್ಚದಿದ್ದರೆ ಎರಡೂ ಒಂದಾಗಿಬಿಡುತ್ತವೆ. ಪ್ಲಾಟಿನಂ ಬಗೆಯ ಸಿಲಿಕೋನ್ ಬಳಸುವುದಾದರೆ ಗಂಧಕವಿರುವ ಜೇಡಿಯನ್ನು ಹತ್ತಿರ ಸುಳಿಸಬೇಡಿ, ಅದು ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ.

ಖಾಲಿ ಕೀಲಿ ಸಿಕ್ಕಿದೆ. ಅಕ್ಷರವನ್ನು ಹೇಗೆ ಮೂಡಿಸಲಿ?

ಪಕ್ಕದ ಕೀಲಿಗಳಲ್ಲಿ ಅಕ್ಷರ ಹೇಗೆ ಮೂಡಿದೆ ಎಂದು ಮೊದಲು ನೋಡಿ. ಎರಡು ಬಣ್ಣದ ಪ್ಲಾಸ್ಟಿಕ್ ಒಂದರೊಳಗೊಂದು ಎರಕವಾಗಿದ್ದರೆ ಅಡಿಯಲ್ಲೂ ಎರಡನೆಯ ಬಣ್ಣ ಕಾಣುತ್ತದೆ, ಅದನ್ನು ಮನೆಯಲ್ಲಿ ಅನುಕರಿಸುವುದು ಆಗದ ಮಾತು. ಮಾಡೆಲ್ ಎಂನಲ್ಲಿರುವಂತೆ ಬಣ್ಣ ಪ್ಲಾಸ್ಟಿಕ್ಕಿನೊಳಗೆ ಇಂಗಿದ್ದರೆ, ಶಾಖದಿಂದ ಬಣ್ಣ ಇಂಗಿಸುವವರ ಬಳಿ ಪಿಬಿಟಿ ಕೀಲಿಗೆ ಮಾಡಿಸಬಹುದು. ಈ ವಿಧಾನದಲ್ಲಿ ಕೀಲಿಗಿಂತ ಕಪ್ಪಾದ ಅಕ್ಷರವಷ್ಟೇ ಬರುತ್ತದೆ, ಕಪ್ಪು ಕೀಲಿಯ ಮೇಲೆ ಬಿಳಿ ಅಕ್ಷರ ಬಾರದು. ಉಳಿದಂತೆ ನೀರಿನಲ್ಲಿ ಜಾರಿಸಿ ಅಂಟಿಸುವ ಡೆಕಾಲ್ ಹಾಕಿ ಮೇಲೆ ಪಾರದರ್ಶಕ ಲೇಪ ಕೊಡುವುದು ಕೈಗೆಟುಕುವ ದಾರಿ, ಹೆಚ್ಚು ಬಳಸದ ಕೀಲಿಗೆ ಅದು ಸಾಕು. ಅಚ್ಚಕ್ಷರದ ಶೈಲಿಯನ್ನು ಸರಿಯಾಗಿ ಆರಿಸಿ: ಆಪಲ್‌ನ ಆ ಕಾಲದ ಮಣೆಗಳಲ್ಲಿ ಯೂನಿವರ್ಸ್ ಶೈಲಿಯ ಇಕ್ಕಟ್ಟಾದ ಓರೆ ಅಕ್ಷರಗಳಿವೆ, ಅಲ್ಲಿ ಬೇರೆ ಶೈಲಿ ಹಾಕಿದರೆ ಬಣ್ಣ ಎಷ್ಟೇ ಹೊಂದಿದರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಅಡಾಪ್ಟರ್ ಹಾಕಿ ಈಗಿನ ಕೀಕ್ಯಾಪ್‌ಗಳನ್ನೇ ಬಳಸಬಹುದೇ?

ಬಳಸಬಹುದು. ಕಮೋಡೋರ್ 64ರ ಕೆಲವು ಮಣೆಗಳಿಗೆ, ಆಲ್ಪ್ಸ್ ಸ್ವಿಚ್ಚುಗಳಿಗೆ ಎಂಎಕ್ಸ್ ಕೀಕ್ಯಾಪ್ ಕೂರುವಂಥ ಮುದ್ರಿತ ಅಡಾಪ್ಟರ್‌ಗಳಿವೆ. ಕೀಲಿ ತುಸು ಎತ್ತರವಾಗುತ್ತದೆ, ಅಲುಗಾಟವೂ ಹೆಚ್ಚುತ್ತದೆ. ಇಡೀ ಮಣೆಗೆ ಹಾಕುವವರಿಗೆ ಇದು ಒಪ್ಪಬಹುದು, ಒಂದೇ ಕೀಲಿಗೆ ಹಾಕಿದರೆ ತೇಪೆಯಂತೆ ಕಾಣುತ್ತದೆ.

ಹಳೆಯ ಲ್ಯಾಪ್‌ಟಾಪಿನ ಕೀಲಿ ಕಿತ್ತುಬಂದಿದೆ. ಇದಕ್ಕೂ ಇದೇ ಕ್ರಮವೇ?

ಇಲ್ಲಿ ಮೂರು ಬಿಡಿಭಾಗಗಳ ಲೆಕ್ಕವಿದೆ: ಮುಚ್ಚಳ, ಅದರ ಕೆಳಗಿನ ಕತ್ತರಿಯಾಕಾರದ ಪ್ಲಾಸ್ಟಿಕ್ ಕೀಲು, ನಡುವಿನ ರಬ್ಬರ್ ಗುಮ್ಮಟ. ಒಂದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ತಯಾರಕರ ಮಣೆಗಳಿರಬಹುದಾದ್ದರಿಂದ, ಲ್ಯಾಪ್‌ಟಾಪಿನ ಹೆಸರಿಗಿಂತ ಮಣೆಯ ಹಿಂಬದಿಯಲ್ಲಿರುವ ಬಿಡಿಭಾಗ ಸಂಖ್ಯೆಯನ್ನು ನೋಡಿ ಕೊಳ್ಳಿ. ಕೀಲಿಗೆ ಕೀಲು ಸೇರಿಯೇ ಬರಲಿ.

ಬದಲಿ ಕೀಲಿ ಹಾಕಿದ ಮಣೆಯನ್ನು ಮಾರುವಾಗ ಅದನ್ನು ಹೇಳಬೇಕೇ?

ಹೇಳಬೇಕು. ಅದೇ ಮಾದರಿಯ ಇನ್ನೊಂದು ಮಣೆಯಿಂದ ತಂದ ಕೀಲಿಯಾದರೆ ಯಾರೂ ಬೆಲೆ ಇಳಿಸುವುದಿಲ್ಲ, ಮುದ್ರಿಸಿದ್ದೋ ಎರಕದ್ದೋ ಆಗಿದ್ದರೆ ಕೊಳ್ಳುವವರಿಗೆ ತಿಳಿದಿರುವುದು ಅವಶ್ಯ, ಇಲ್ಲದಿದ್ದರೆ ಅವರು ಅದನ್ನೇ ಮೂಲವೆಂದು ತಿಳಿದು ಅಳತೆ ತೆಗೆದು ಮತ್ತೊಂದು ನಕಲು ಮಾಡಿಯಾರು. ನಾನು ಮಾಡಿಸಿದ ಕೀಲಿಗಳ ಅಡಿಯಲ್ಲಿ ಅಳಿಸದ ಶಾಯಿಯಿಂದ ಇಸವಿಯನ್ನೂ ‘ನಕಲು’ ಎಂಬ ಪದವನ್ನೂ ಬರೆದಿಡುತ್ತೇನೆ; ಮೂಲ ಕೀಲಿಯ ಮುರಿದ ತುಂಡು ಇದ್ದರೆ ಪುಟ್ಟ ಚೀಲದಲ್ಲಿ ಹಾಕಿ ಕವಚದ ಒಳಮೈಗೆ ಅಂಟಿಸಿರುತ್ತೇನೆ.